ದಳವಾಯಿಯ ಕಾಲು ತೊಳೆದ ನೀರು

"ನನ್ನ ಕಾಲು ತೊಳೆದ ನೀರು ಬಿದ್ದರೆ ಒಣಗಿದ ಸೌದೆಯೂ ಚಿಗುರುತ್ತದೆ!"

ಹಾಲಗುಂದಿಯ ದಳವಾಯಿ ಬೊಮ್ಮರಸ ತುಂಬಿದ ಸಭೆಯಲ್ಲಿ ಹೀಗೆ ಅಂದಾಗ ಒಬ್ಬರೂ ನಗಲಿಲ್ಲ. ರಾಣಿಯ ಸ್ವಂತ ಅಣ್ಣ, ನಗುವುದಾದರೂ ಹೇಗೆ? ದೊರೆ ಮುಮ್ಮಡಿನಾಯಕನ ಪಕ್ಕದಲ್ಲಿ ಎಲೆಯಡಿಕೆ ಸಂಚಿ ಹಿಡಿದು ಕೂತಿದ್ದ ಕೆಂಚಪ್ಪ ಮಾತ್ರ ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಿ ತಲೆಯೆತ್ತಿದ.

ಜಗಳ ಹುಟ್ಟಿದ್ದು ರಾಣಿಯ ಬದನೆ ಮಡಿಯಿಂದ. ಅರಮನೆಯ ಹಿತ್ತಲಲ್ಲಿ ಬೆಳೆದ ಆ ಹಸಿರು ಬದನೆ ಇಲ್ಲದೆ ರಾಣಿಯ ಬಾಯಿಗೆ ಅನ್ನ ಇಳಿಯುತ್ತಿರಲಿಲ್ಲ. ಈಗ ನೋಡಿದರೆ ಗಿಡಗಳು ಬೆಳಿಗ್ಗೆ ನೆಟ್ಟಗಿದ್ದು ಮಧ್ಯಾಹ್ನಕ್ಕೆ ಎಲೆ ಜೋಲು ಹಾಕುತ್ತಿದ್ದವು. ನಾಲ್ಕು ದಿನ ಹೀಗೆ ಸೊರಗಿ, ಹಸಿರಾಗಿದ್ದ ಹಾಗೇ ಸಾಯುತ್ತಿದ್ದವು. ನೀರು ಕುಡಿಸಿದರೆ ಇನ್ನೂ ಬೇಗ ಸಾಯುತ್ತಿದ್ದವು.

"ಇದು ತೋಟದ ಹೊನ್ನೀರಮ್ಮನ ಕೆಟ್ಟ ಕಣ್ಣು," ಅಂದ ದಳವಾಯಿ. "ದಿನಾ ನನ್ನ ಕಾಲು ತೊಳೆದ ನೀರು ಅದೇ ಮಡಿಗೆ ಹರಿಯುತ್ತದೆ. ಗಡಿ ಕಾದು ಬಂದ ವೀರನ ಕಾಲು! ಅಷ್ಟಾದರೂ ಗಿಡ ಸಾಯಬೇಕಾದರೆ ಅವಳ ದೃಷ್ಟಿ ಎಂಥದ್ದಿರಬೇಕು?"

"ಬರುವ ಅಮಾವಾಸ್ಯೆಗೆ ಅವಳು ಊರು ಬಿಡಲಿ," ಅಂದ ದೊರೆ. ಊಟದ ಹೊತ್ತಾಗಿತ್ತು.

ಕೆಂಚಪ್ಪ ಸಂಚಿ ಕಟ್ಟಿ ಹಿತ್ತಲಿಗೆ ಹೋದ. ಹೊನ್ನೀರಮ್ಮ ಸತ್ತ ಗಿಡಗಳ ನಡುವೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

"ನಲವತ್ತು ವರ್ಷ ಈ ಮಣ್ಣು ಕೆರೆದಿದ್ದೀನಿ ಕೆಂಚಪ್ಪಣ್ಣ. ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ?"

"ದಳವಾಯಿಗಳಿಗೆ ನಿನ್ನ ಮೇಲೆ ಯಾಕಮ್ಮ ಇಷ್ಟು ಪ್ರೀತಿ?"

"ನಾನೇನು ಅಂದೆ? ಮೊನ್ನೆ ಕಾಲು ತೊಳೆಯುವಾಗ, 'ಗಡಿಯೆಲ್ಲ ಕರಿ ಎರೆಭೂಮಿ, ತಮ್ಮ ಕಾಲಿಗೆ ಕೆಮ್ಮಣ್ಣು ಹೇಗೆ ಮೆತ್ತಿತು ಬುದ್ಧಿ?' ಅಂತ ಕೇಳಿದೆ. ಅಷ್ಟೇ. ಕಾಲು ಎಳಕೊಂಡು ಹೋದರು."

ಕೆಂಚಪ್ಪ ಕೆಮ್ಮಿದ. ಹಾಲಗುಂದಿಯಲ್ಲಿ ಕೆಮ್ಮಣ್ಣು ಇರುವುದು ಒಂದೇ ಕಡೆ, ಕೆರೆಯ ಹಿಂದೆ ಚೆನ್ನಾಜಿ ಎಂಬ ಹೆಂಗಸಿನ ತೋಟದಲ್ಲಿ. ಮೂರು ವರ್ಷದಿಂದ ಅಲ್ಲಿ ನೆಟ್ಟ ಬದನೆಯೆಲ್ಲ ಸೊರಗಿ ಸಾಯುತ್ತಿತ್ತು. ಆದರೂ ಚೆನ್ನಾಜಿಯ ಕೊರಳಿಗೆ ವರ್ಷಕ್ಕೊಂದು ಹೊಸ ಸರ ಬರುತ್ತಿತ್ತು. ದಳವಾಯಿ ಗಡಿಗೆ ಹೊರಡುವಾಗ ಕುದುರೆಯನ್ನೂ ಒಯ್ಯುತ್ತಿರಲಿಲ್ಲ, ಅದಕ್ಕೆ ಮೊಣಕಾಲು ನೋವಂತೆ. ಬೇರೆಯವರ ಬೇಲಿಗೆ ಕುದುರೆ ಕಟ್ಟಿದರೆ ಊರಿಗೆ ಗುರುತು ಸಿಗುತ್ತದೆ ಅನ್ನುವುದು ಬೇರೆ ಮಾತು. ಇದು ಗೊತ್ತಿಲ್ಲದವರು ಊರಲ್ಲಿ ಇಬ್ಬರೇ, ದೊರೆ ಮತ್ತು ದಳವಾಯಿಯ ಹೆಂಡತಿ. ಹೆಂಡತಿಯ ವಿಷಯ ಖಾತ್ರಿ ಹೇಳಲಾಗದು.

ಮರುದಿನ ಸಭೆಯಲ್ಲಿ ಕೆಂಚಪ್ಪ ದೊರೆಗೆ ಎಲೆ ಮಡಿಸಿ ಕೊಡುತ್ತಾ ಅಂದ: "ಮಹಾಸ್ವಾಮಿ, ದಳವಾಯಿಗಳ ಪಾದದ ಮಹಿಮೆ ಊರಿಗೆಲ್ಲ ತೋರಿಸಬೇಕು. ಅವರು ಕಾಯುವ ಗಡಿಯಿಂದಲೇ ಮಣ್ಣು ತರಿಸಿ ಎರಡು ಕುಂಡ ತುಂಬಿಸಿ. ಎರಡಕ್ಕೂ ಬೇರೆ ಊರಿನ ಒಂದೇ ಮಡಿಯ ಬದನೆ ಸಸಿ. ಒಂದಕ್ಕೆ ಹೊನ್ನೀರಮ್ಮ ಬಾವಿ ನೀರು ಹಾಕಿ, ದಿನವಿಡೀ ಎದುರಿಗೇ ಕೂತು ಕಣ್ಣು ಬಿಟ್ಟು ನೋಡಲಿ. ಇನ್ನೊಂದಕ್ಕೆ ದಳವಾಯಿಗಳ ಕಾಲು ತೊಳೆದ ನೀರು. ಅಮಾವಾಸ್ಯೆಗೆ ತಾವೇ ನೋಡಿ."

ದಳವಾಯಿ ಮೀಸೆ ತಿರುವಿದ. "ಆಗಲಿ! ಅವಳ ಕಣ್ಣಿಗೆ ಗಿಡ ಮೂರು ದಿನ ಬಾಳಿದರೆ ಹೇಳು."

ಅಮಾವಾಸ್ಯೆಗೆ ಉಳಿದಿದ್ದ ಇಪ್ಪತ್ತೆರಡು ದಿನ ಮನೆಯಲ್ಲಿ ಹೆಂಡತಿಯ ಎದುರು ಕೂತಿದ್ದರೆ ಅವನ ಮಾನ ಉಳಿಯುತ್ತಿತ್ತು. ಕೂರಬೇಕಲ್ಲ! ಗಡಿಗೆ ಅಪಾಯ ಹೆಚ್ಚಾಗಿದೆ ಎಂದು ಒಂದು ದಿನವೂ ಬಿಡದೆ ಹೋದ.

ಅಮಾವಾಸ್ಯೆಯ ದಿನ ಕುಂಡಗಳು ಸಭೆಗೆ ಬಂದವು. ಹೊನ್ನೀರಮ್ಮ ದಿಟ್ಟಿಸಿದ ಗಿಡ ನೀಲಿ ಹೂ ಬಿಟ್ಟು ನಿಂತಿತ್ತು. ದಳವಾಯಿಯ ಗಿಡ ಒದ್ದೆ ಬಟ್ಟೆಯ ಹಾಗೆ ಜೋತಿತ್ತು.

ಕೆಂಚಪ್ಪ ಅದರ ಬುಡ ಕತ್ತರಿಸಿ, ಕರಿಕಲ್ಲಿನ ಬಟ್ಟಲಿನ ತಿಳಿನೀರಿನಲ್ಲಿ ಇಳಿಬಿಟ್ಟು ಹಿಡಿದ. ಸ್ವಲ್ಪ ಹೊತ್ತಿಗೆ ದಂಟಿನಿಂದ ಹಾಲಿನೆಳೆಯಂಥ ಬಿಳಿ ಲೋಳೆ ಇಳಿಯತೊಡಗಿತು. ರಾಣಿಯ ಮಡಿಯ ಗಿಡದಿಂದಲೂ ಹಾಗೆಯೇ ಇಳಿಯಿತು. ಹೊನ್ನೀರಮ್ಮನ ಗಿಡದಿಂದ ಏನೂ ಇಳಿಯಲಿಲ್ಲ.

"ಸೊರಗಿದ ಎರಡಕ್ಕೂ ಒಂದೇ ರೋಗ ಮಹಾಸ್ವಾಮಿ. ಇದು ಕಣ್ಣಿನಿಂದ ಬರುವುದಲ್ಲ. ಬದನೆ ಸೊರಗಿ ಸತ್ತ ನೆಲದ ಮಣ್ಣಿನಲ್ಲಿ ಕೂತಿರುತ್ತದೆ. ಗುದ್ದಲಿಗೆ, ಕಾಲಿಗೆ ಅಂಟಿಕೊಂಡು ನೀರಿನ ಜೊತೆ ಹರಿದು ಬರುತ್ತದೆ."

ದೊರೆ ದಳವಾಯಿಯ ಕುಂಡದೊಳಗೆ ಬಗ್ಗಿ ನೋಡಿದ. "ಕರಿಮಣ್ಣು ತುಂಬಿಸಿದ್ದೆವಲ್ಲ? ಮೇಲೆ ಬೆರಳು ದಪ್ಪ ಕೆಮ್ಮಣ್ಣು ಹೇಗೆ ಬಂತು?"

ಸಭೆಗೆ ಸಭೆಯೇ ಕೆಮ್ಮಿತು. ದಳವಾಯಿ ತನ್ನ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡ.

ದೊರೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಇದಕ್ಕೆ ಮದ್ದೇನೋ ಕೆಂಚ?"

"ಹತ್ತಿದ ಗಿಡಕ್ಕೆ ಮದ್ದಿಲ್ಲ. ಬೇರು ಸಮೇತ ಕಿತ್ತು ಸುಡಬೇಕು. ಆ ಮಡಿಯಲ್ಲಿ ಮೂರು ವರ್ಷ ಬದನೆ ಬೇಡ, ರಾಗಿಯೋ ಜೋಳವೋ ಹಾಕಲಿ. ಹೊಸ ಬದನೆ ಬೇರೆ ನೆಲದಲ್ಲಿ ಆಗಲಿ, ನೀರು ನಿಲ್ಲದ ಹಾಗೆ ಏರುಮಡಿ ಮಾಡಿ, ಬೇವಿನ ಹಿಂಡಿ ಕೊಟ್ಟು. ಕಾಲು ತೊಳೆದ ನೀರಿಗೆ ದೂರದಲ್ಲಿ ಬೇರೆ ಗುಂಡಿ ತೋಡಿಸಿ."

"ಮತ್ತೆ ದಳವಾಯಿಗಳು?"

"ಅವರು ಮೂರು ವರ್ಷ ಗಡಿಯಲ್ಲೇ ಇರಲಿ ಮಹಾಸ್ವಾಮಿ. ನಮ್ಮ ಸೀಮೆಯಲ್ಲಿ ಈ ರೋಗ ಕಾಲಿಡದ ಜಾಗ ಅದೊಂದೇ."

"ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀಯೋ?"

"ದಳವಾಯಿಗಳು ಇನ್ನೂ ಒಂದು ಸಲವೂ ಅಲ್ಲಿಗೆ ಹೋಗಿಲ್ಲವಲ್ಲ!"

ದೊರೆ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಯಡಿಕೆ ಪಟ್ಟದ ಶಾಲಿನ ಮೇಲೆ ಬಿತ್ತು. ಆ ಶಾಲನ್ನು ಕೆಂಚಪ್ಪನಿಗೇ ಹೊದಿಸಿದ. ಹೊನ್ನೀರಮ್ಮನಿಗೆ ಹಿತ್ತಲ ಬೀಗದ ಕೈ ಸಿಕ್ಕಿತು. ಮೊಣಕಾಲು ನೋವಿನ ಕುದುರೆ ಅಂದೇ ಸಂಜೆ ದಳವಾಯಿಯನ್ನು ಹೊತ್ತು ಗಡಿಯ ಕಡೆ ಚೆನ್ನಾಗಿಯೇ ಓಡಿತು, ಹಿಂದೆ ಗಾಡಿಯಲ್ಲಿ ಅವನ ಹೆಂಡತಿ.