ಹವಾಲ್ದಾರ್ ತಮ್ಮಯ್ಯನ ಭರಣಿ

ಹೊಳೆ ದಂಡೆಯಲ್ಲಿ ಒಂದು ಹೆಂಚಿನ ಶೆಡ್ಡು. ಆಶ್ರಮ ಅಂದರೆ ಅದೇ ಆಶ್ರಮ.

ಗುರುಗಳಿಗೆ ಗಡ್ಡವಿರಲಿಲ್ಲ, ಗಿರಿಜಾ ಮೀಸೆಯಿತ್ತು. ಹೆಸರು ಚಂಗಪ್ಪ. ಸೈನ್ಯದಲ್ಲಿ ಸುಬೇದಾರರಾಗಿದ್ದು ಪಿಂಚಣಿಗೆ ಬಂದವರು. ಎಲ್ಲರೂ ಅವರನ್ನು ಸಾಬ್ ಅನ್ನುತ್ತಿದ್ದರು. ಶಿಷ್ಯರೂ ಅಷ್ಟೇ, ಐದಾರು ಮಂದಿ ಮಾಜಿ ಸೈನಿಕರು. ಅಲ್ಲಿ ಕಲಿಸುತ್ತಿದ್ದ ವಿದ್ಯೆ ಒಂದೇ, ಬಾರ್ಲಿಯಿಂದ ಬಿಯರ್ ಮಾಡುವುದು.

ನಗಬೇಡಿ. ಅದೂ ವಿದ್ಯೆಯೇ.

ಹವಾಲ್ದಾರ್ ತಮ್ಮಯ್ಯನನ್ನು ಅಲ್ಲಿಗೆ ಅಟ್ಟಿದವಳು ಅವನ ಹೆಂಡತಿ ಬೊಳ್ಳವ್ವ. ಪಿಂಚಣಿಗೆ ಬಂದು ಎರಡು ವರ್ಷವಾಗಿದ್ದರೂ ಮಹಾರಾಯ ದಿನಾ ಬೆಳಿಗ್ಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ಇನ್‌ಸ್ಪೆಕ್ಷನ್ ಮಾಡುತ್ತಿದ್ದ.

"ನನ್ನ ಸಾಸಿವೆ ಡಬ್ಬ ಎಲ್ಲಿಗೂ ಓಡಿಹೋಗಲ್ಲ. ನೀವೇ ಎಲ್ಲಿಗಾದರೂ ಹೋಗಿ, ನಿಮಗೆ ಪುಣ್ಯ ಬರುತ್ತೆ," ಅಂದಳು.

ಹೋದ. ಹಂಡೆಯಲ್ಲಿ ಬಾರ್ಲಿ ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗಿಯ ತೋಳು ಮಡಚಿ ಕೆಲಸಕ್ಕೆ ನಿಂತುಬಿಟ್ಟ. ಇಡೀ ದಿನ ಒಂದು ಸಲವೂ ಗಡಿಯಾರ ನೋಡಲಿಲ್ಲ ಅನ್ನುವುದು ಅವನಿಗೆ ಸಂಜೆ ಮನೆಗೆ ಬಂದ ಮೇಲೆ ಗೊತ್ತಾಯಿತು. ಎರಡು ವರ್ಷದಲ್ಲಿ ಅದೇ ಮೊದಲು. ಅವತ್ತಿನಿಂದ ಅವನಿಗೆ ಅದೇ ಹುಚ್ಚು.

ಬಾರ್ಲಿಯ ರಸ ಕುದಿಸಿ ಆರಿಸಬೇಕು. ಭರಣಿಗೆ ತುಂಬಬೇಕು. ಸಾಬ್ ತಮ್ಮ ಮಡಕೆಯಿಂದ ಒಂದು ಸೌಟು ಹೆಪ್ಪು ಹಾಕುತ್ತಾರೆ. ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಒಂದು ಹೆಪ್ಪು. ಆಮೇಲೆ ಮುಚ್ಚಳ ಬಿಗಿಯಬೇಕು.

"ಇನ್ನು ಇಪ್ಪತ್ತೊಂದು ದಿನ ಮುಟ್ಟಬೇಡಿ," ಅನ್ನುತ್ತಿದ್ದರು ಸಾಬ್.

ಭರಣಿಗಳೆಲ್ಲ ಒಂದೇ ಥರ. ಅದಕ್ಕೆ ಪ್ರತಿಯೊಬ್ಬರೂ ಸೈನ್ಯದಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಗುರುತಿನ ಬಿಲ್ಲೆಯನ್ನು ತಮ್ಮ ಭರಣಿಯ ಕೊರಳಿಗೆ ಕಟ್ಟುತ್ತಿದ್ದರು.

ತಮ್ಮಯ್ಯನ ಮೊದಲ ಭರಣಿ ಹುಳಿಯಾಯಿತು. ಎರಡನೆಯದೂ ಹುಳಿ. ಬಾಯಿಗಿಟ್ಟವರು ಕಣ್ಣು ಮುಚ್ಚಿಕೊಂಡು ಹೊಳೆ ಕಡೆ ಓಡಿದರು.

ಪಕ್ಕದಲ್ಲೇ ಐತಪ್ಪನ ಭರಣಿ. ಜೇನಿನ ಬಣ್ಣ. ಕುಡಿದವರೆಲ್ಲ ಆಹಾ ಅಂದರು.

ತಮ್ಮಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಸಹಿಸುತ್ತಿದ್ದನೋ ಏನೋ. ಐತಪ್ಪ ಅವನದೇ ಪಲ್ಟನ್ನಿನವನು. ಅದೂ ಲಂಗರ್‌ನ, ಅಂದರೆ ಪಲ್ಟನ್ನಿನ ಅಡುಗೆಮನೆಯ, ಅಡುಗೆಯವನು!

"ನಾನು ಮಂಜಿನಲ್ಲಿ ಬಂದೂಕು ಹಿಡಿದು ನಿಂತವನು," ಅಂದ ಬೊಳ್ಳವ್ವನ ಹತ್ತಿರ. "ಅವನು ಒಲೆ ಮುಂದೆ ಬೆಚ್ಚಗೆ ಕೂತು ರೊಟ್ಟಿ ತಟ್ಟಿದವನು. ಅವನ ಬಿಯರ್ ಒಳ್ಳೇದಂತೆ!"

"ಅವರ ರೊಟ್ಟಿ ತಿಂದೇ ತಾನೇ ನೀವು ನಿಂತಿದ್ದು?" ಅಂದಳು ಅವಳು.

ಅವತ್ತು ಅವಳ ಜೊತೆ ಮಾತು ಬಿಟ್ಟ.

ಮರುದಿನ ಸಾಬ್ ಮುಂದೆ ಅಟೆನ್ಷನ್‌ನಲ್ಲಿ ನಿಂತ.

"ಸಾಬ್, ಐತಪ್ಪನಿಗೆ ಹಾಕೋ ಹೆಪ್ಪು ಬೇರೆ ಇದೆಯಾ?"

"ಮಡಕೆ ಒಂದೇ. ಸೌಟೂ ಒಂದೇ."

"ಮತ್ತೆ ನಂದ್ಯಾಕೆ ಹುಳಿ?"

"ಮುಚ್ಚಳ ತೆಗೆದೆಯಾ?"

"ಇಲ್ಲ ಸಾಬ್. ಅಂದ್ರೆ, ದಿನಾ ಒಂದು ಸಲ ಚೆಕ್ ಮಾಡಿದೆ, ಅಷ್ಟೇ. ಕೈ ತೊಳ್ಕೊಂಡೇ."

ಸಾಬ್ ಖಾಲಿ ಭರಣಿಯೊಂದನ್ನು ಅವನ ಕೈಗೆ ಕೊಟ್ಟರು.

"ಮತ್ತೆ ಮಾಡು. ಕೈಲ್ ಮುಹೂರ್ತದ ಹಬ್ಬಕ್ಕೆ ತೆಗೆಯೋಣ. ಅವತ್ತು ಈ ಹೆಪ್ಪಿನ ಮಡಕೆಯನ್ನೂ ನಿಮ್ಮಲ್ಲಿ ಒಬ್ಬನಿಗೆ ಕೊಡ್ತೀನಿ. ನನ್ನ ಕೈಲಿ ಇನ್ನಾಗಲ್ಲ."

ಮಡಕೆ ಯಾರಿಗೆ ಸಿಗುತ್ತದೋ ಮುಂದಿನ ಗುರು ಅವನೇ. ತಮ್ಮಯ್ಯನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಆ ಮಡಕೆ ಐತಪ್ಪನ ಕಂಕುಳಲ್ಲಿ ಕೂತಂತೆ ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ಮೂರನೇ ಸಲ ಕುದಿಸಿದರು, ತುಂಬಿದರು, ಮುಚ್ಚಳ ಬಿಗಿದರು. ಎಲ್ಲರೂ ಹೊಳೆಗೆ ಸ್ನಾನಕ್ಕೆ ಹೋದರು.

ತಮ್ಮಯ್ಯ ಟವೆಲ್ ಮರೆತೆ ಅಂತ ಶೆಡ್ಡಿಗೆ ವಾಪಸ್ ಬಂದ.

ಐತಪ್ಪನ ಭರಣಿಯಿಂದ ಬಿಲ್ಲೆ ಬಿಚ್ಚಿದ. ತನ್ನದರಿಂದಲೂ ಬಿಚ್ಚಿದ. ಅದಲು ಬದಲು ಮಾಡಿ ಕಟ್ಟಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಹೊಳೆಗಿಳಿದ.

ಈಗ ಒಳ್ಳೆಯ ಭರಣಿ ತನ್ನದು. ಹೊಟ್ಟೆ ತಣ್ಣಗಾಗಬೇಕಿತ್ತು. ಎಲ್ಲಿ!

ಮರುದಿನ ಬೆಳಿಗ್ಗೆ ಎದ್ದವನೇ ಶೆಡ್ಡಿಗೆ ಓಡಿ ಮುಚ್ಚಳ ತೆಗೆದು ನೋಡಿದ. ನೊರೆ ಇತ್ತು. ಮೂಸಿದ, ಬೆರಳದ್ದಿ ನೆಕ್ಕಿದ, ಮುಚ್ಚಿದ. ಅದರ ಮರುದಿನವೂ ನೋಡಿದ. ಒಳಗೆ ಏನಾಗುತ್ತಿದೆ ಅಂತ ತಿಳಿಯದೆ ಅವನಿಗೆ ತಿಂಡಿ ಸೇರುತ್ತಿರಲಿಲ್ಲ.

ಐತಪ್ಪ ಮಾತ್ರ ತನ್ನ ಬಿಲ್ಲೆಯಿದ್ದ ಭರಣಿಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಒಂದು ದಿನವೂ ಅದರ ಕಡೆ ತಲೆ ಎತ್ತಲಿಲ್ಲ.

"ನಿನಗೆ ನೋಡಬೇಕು ಅನ್ಸಲ್ವೇನೋ?" ಅಂದ ತಮ್ಮಯ್ಯ, ತಡೆಯಲಾರದೆ.

"ಅನ್ನದ ಪಾತ್ರೆ ಮುಚ್ಚಳ ಸುಮ್ ಸುಮ್ನೆ ತೆಗೀತಾರೇನಣ್ಣ?"

ಹಬ್ಬದ ದಿನ ಬಂತು. ಕೋವಿ, ಕತ್ತಿಗಳನ್ನು ಒರೆಸಿ ಹೂವಿಟ್ಟು ಪೂಜೆ ಮಾಡಿದ ಮೇಲೆ ಎಲ್ಲರೂ ಶೆಡ್ಡಿಗೆ ಬಂದರು. ಉಳಿದವರ ಭರಣಿಗಳ ರುಚಿ ನೋಡಿ, ಕೊನೆಗೆ ಸಾಬ್ ಎರಡು ಲೋಟ ತುಂಬಿದರು.

ತಮ್ಮಯ್ಯನ ಬಿಲ್ಲೆಯಿದ್ದ ಭರಣಿಯಿಂದ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಹುಳಿ."

ಐತಪ್ಪನ ಬಿಲ್ಲೆಯಿದ್ದ ಭರಣಿಯಿಂದ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡರು.

"ನಲವತ್ತು ವರ್ಷದಲ್ಲಿ ಇಂಥದ್ದು ನಾನೂ ಮಾಡಿಲ್ಲ," ಅಂದರು. ಹೆಪ್ಪಿನ ಮಡಕೆಗೆ ಕೈ ಹಾಕಿದರು.

ತಮ್ಮಯ್ಯನಿಗೆ ತಡೆಯಲಾಗಲಿಲ್ಲ.

"ಅದು ನಂದು ಸಾಬ್!" ಅಂತ ಕೂಗಿದ. "ಆ ಒಳ್ಳೇದು ನಂದು! ನಾನೇ ಕುದಿಸಿದ್ದು, ನಾನೇ ತುಂಬಿದ್ದು!"

"ಬಿಲ್ಲೆ ಐತಪ್ಪನದಿದೆಯಲ್ಲ?"

"ನಾನೇ ಬದಲಾಯಿಸಿದೆ!"

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಅಂತ. ತಮ್ಮಯ್ಯನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ನಾಚಿಕೆಯಿಂದ ಸತ್ತೇ ಹೋಗಬಾರದೇ ಅನ್ನಿಸಿತು.

ಮೊದಲು ಮಾತಾಡಿದವನು ಐತಪ್ಪ.

"ಹಂಗಾದ್ರೆ ಹುಳಿ ಆಗಿದ್ದು ನಂದು. ಇರಲಿ ಬಿಡಿ, ಹಂದಿ ಸಾರಿಗೆ ಹುಳಿ ಬೇಕಾಗಿತ್ತು," ಅಂದ. ನಕ್ಕು ಭರಣಿಯನ್ನು ಒಲೆಯ ಕಡೆ ಸರಿಸಿದ.

ಸಾಬ್ ತಮ್ಮಯ್ಯನನ್ನು ಹತ್ತಿರ ಕರೆದರು.

"ಪಹರೆ ನಿಂತಾಗ ಯಾವ ಕಡೆ ಮುಖ ಮಾಡ್ತಿದ್ದೆ?"

"ಗಡಿ ಕಡೆ, ಸಾಬ್."

"ಬೆನ್ನ ಹಿಂದೆ ಏನಿತ್ತು?"

"ನಮ್ಮ ಟೆಂಟುಗಳು. ಲಂಗರ್."

"ಐತಪ್ಪ ರೊಟ್ಟಿ ಸುಡ್ತಿದ್ದಾನೋ ಇಲ್ವೋ ಅಂತ ತಿರುಗಿ ನೋಡ್ತಿದ್ದೆಯಾ?"

"ಇಲ್ಲ ಸಾಬ್."

"ರೊಟ್ಟಿ ಬರ್ತಿತ್ತಾ?"

ತಮ್ಮಯ್ಯ ಐತಪ್ಪನ ಕಡೆ ತಿರುಗಿದ.

"ಬರ್ತಿತ್ತು ಸಾಬ್. ಬಿಸಿಬಿಸಿ. ಒಂದು ದಿನವೂ ತಪ್ಪಲಿಲ್ಲ."

ಸಾಬ್ ಹೆಪ್ಪಿನ ಮಡಕೆಯನ್ನು ಐತಪ್ಪನ ಕೈಗೆ ಕೊಟ್ಟರು.

ಐತಪ್ಪ ಅದನ್ನು ಹಣೆಗೊತ್ತಿಕೊಂಡ. ಮುಂದಿನ ಸಲಕ್ಕೆ ಅಂತ ತಮ್ಮಯ್ಯ ಆ ಬೆಳಿಗ್ಗೆಯೇ ಕುದಿಸಿ ಆರಿಸಿಟ್ಟಿದ್ದ ರಸವನ್ನು, ಯಾರೂ ಹೇಳದೆಯೇ ಐತಪ್ಪ ಹೊಸ ಭರಣಿಗೆ ತುಂಬಿದ. ಮಡಕೆಯಿಂದ ಮೊದಲ ಸೌಟು ಹೆಪ್ಪು ಅದಕ್ಕೇ ಹಾಕಿದ. ಮುಚ್ಚಳ ಬಿಗಿದು, ತಮ್ಮಯ್ಯನ ಬಿಲ್ಲೆಯನ್ನು ಅದರ ಕೊರಳಿಗೆ ಕಟ್ಟಿದ.

ತಮ್ಮಯ್ಯ ತಲೆ ತಗ್ಗಿಸಿ ಕೇಳಿದ, "ನಾನೇನು ಮಾಡಲಿ, ಸಾಬ್?"

"ಇಪ್ಪತ್ತೊಂದು ದಿನ ಬಾಗಿಲಲ್ಲಿ ಪಹರೆ ನಿಲ್ಲು," ಅಂದರು ಸಾಬ್. "ಭರಣಿಗೆ ಬೆನ್ನು ಮಾಡಿ."