ರಾಣಿಯ ಕುಂಡದ ಮರ, ಸೂರಪ್ಪಯ್ಯನ ಬುಟ್ಟಿ

ಬನ್ನಿ ಮಕ್ಕಳಾ, ಹತ್ತಿರ ಸರಿದು ಕೂತ್ಕೊಳ್ಳಿ. ನಿದ್ದೆ ಬಂದವರು ಈಗಲೇ ಎದ್ದು ಹೋಗಿ, ಮಧ್ಯದಲ್ಲಿ ಆಕಳಿಸಿದರೆ ನನಗೆ ಕೋಪ ಬರುತ್ತದೆ.

ಕೆಂಗಲ್ಲೂರು ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಕೆಂಚರಾಯ ಅಂತ ಒಬ್ಬ ರಾಜ. ರಾಜ ಒಳ್ಳೆಯವನೇ, ಆದರೆ ಅವನಿಗೆ ಮೂಗು ಮುಂದು, ಬುದ್ಧಿ ಹಿಂದು. ಒಳ್ಳೆಯ ವಾಸನೆ ಬಂದ ಕಡೆ ಅವನ ಮನಸ್ಸು ಬೆಣ್ಣೆಯ ಹಾಗೆ ಕರಗುತ್ತಿತ್ತು. ಅವನ ರಾಣಿ ದೂರದ ಉತ್ತರದವಳು, ಮಂಜು ಬೀಳುವ ಬೆಟ್ಟದ ನಾಡಿನ ಹುಡುಗಿ. ಹೆಸರು ಲಾಜವಂತಿ. ನಮ್ಮವರ ನಾಲಿಗೆ ಕೇಳಬೇಕಲ್ಲ, ಬಂದ ವಾರದಲ್ಲೇ ಅವಳು ಲಾಜಮ್ಮಣ್ಣಿ ಆಗಿಹೋದಳು.

ಲಾಜಮ್ಮಣ್ಣಿ ಮದುವೆಯಾಗಿ ಬರುವಾಗ ತವರಿನಿಂದ ಒಂದು ಕುಂಡ ತಂದಿದ್ದಳು. ಕುಂಡದೊಳಗೆ ಒಂದು ಮರ. ಗಿಡ ಅಲ್ಲ, ವಯಸ್ಸಾದ ಮರವೇ, ಎತ್ತರ ಮಾತ್ರ ಒಂದು ಮೊಳ. ಈಗ ನಾವು ಜುನಿಪರ್ ಅನ್ನುತ್ತೇವಲ್ಲ, ಆ ಜಾತಿ. ಹೀಗೆ ಕುಂಡದಲ್ಲಿ ಕುಳ್ಳಗೆ ಸಾಕಿದ ಮರಕ್ಕೆ ಈಗಿನವರು ಬೋನ್ಸಾಯ್ ಅಂತ ಹೆಸರಿಟ್ಟಿದ್ದಾರೆ. ಲಾಜಮ್ಮಣ್ಣಿ ಹುಟ್ಟಿದ ವರ್ಷ ಅವಳ ತಾಯಿ ಬಂಡೆಯ ಸಂದಿಯಿಂದ ಅದನ್ನು ಬೇರು ಸಮೇತ ಎಬ್ಬಿಸಿ ತಂದಿದ್ದಳು. ನೀರು ಹಾಕಿದ್ದಳು, ಸಾಕಿದ್ದಳು, ಆದರೆ ರೂಪ ಕೊಟ್ಟಿರಲಿಲ್ಲ. ಪೊದೆಯ ಹಾಗೇ ಬಿಟ್ಟಿದ್ದಳು.

ಮಗಳನ್ನು ಕಳಿಸುವಾಗ ಆ ತಾಯಿ ಹೇಳಿದ್ದು ಇಷ್ಟು: "ಇದಕ್ಕೆ ಯಾವ ರೂಪ ಅಂತ ನೀನೇ ಆರಿಸು ಮಗಳೇ. ಅವಸರ ಮಾಡಬೇಡ. ಈ ಮರದಲ್ಲಿ ಹಸಿರೆಲ್ಲ ಕಳಕೊಂಡ ಕೊಂಬೆ ಮತ್ತೆ ಚಿಗುರೋದಿಲ್ಲ. ಕತ್ತರಿಸಿದ್ದು ಹೋಯಿತು ಅಂತಲೇ ತಿಳಿ."

ರಾಣಿ ದಿನಾ ಬೆಳಗ್ಗೆ ಕುಂಡವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಈ ಕಡೆಯಿಂದ ನೋಡಿದರೆ ಬಿರುಗಾಳಿಗೆ ಒಂದೇ ಪಕ್ಕಕ್ಕೆ ಬಾಗಿದ ಮರ. ಆ ಕಡೆಯಿಂದ ನೋಡಿದರೆ ನೆಟ್ಟಗೆ ನಿಂತ ಮರ. ಇನ್ನೊಂದು ಕಡೆಯಿಂದ ನೋಡಿದರೆ ಕಮರಿಯ ಅಂಚಿನಿಂದ ಕೆಳಕ್ಕೆ ಇಳಿಬಿದ್ದ ಮರ. ಮೂರೂ ಚೆನ್ನ. ಒಂದನ್ನು ಹಿಡಿದರೆ ಎರಡನ್ನು ಬಿಡಬೇಕು. ಬಿಡೋದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಅಂತ ದಿನ ದೂಡುತ್ತಾ ಬಂದಳು.

ಅಷ್ಟರಲ್ಲಿ ರಾಣಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಸರಿ. ಆದರೆ ಬಸುರಿ ಹೆಂಗಸು ಅಷ್ಟು ಬೆಟ್ಟ ಹತ್ತಿ ಹೋಗೋದು ಹೇಗೆ? ತಾಯಿಯೇ ಹೇಳಿಕಳಿಸಿದಳು: "ಮಾವು ಹೂ ಬಿಡೋ ಹೊತ್ತಿಗೆ ನಾನೇ ಬಂದು ಬಾಣಂತನ ಮಾಡುತ್ತೇನೆ. ಮರಕ್ಕೆ ಏನು ರೂಪ ಕೊಟ್ಟೆ ಅಂತಲೂ ನೋಡಬೇಕು."

ರಾಣಿಗೆ ದಿಗಿಲಾಯಿತು. ಮರ ಇನ್ನೂ ಪೊದೆಯಾಗೇ ಇದೆ. ತಾಯಿ ಬಂದು ಏನಂದುಕೊಂಡಾಳು? ಒಂದು ಮರಕ್ಕೆ ರೂಪ ಆರಿಸಲಾರದವಳು ಒಂದು ಮಗುವನ್ನು ಹೇಗೆ ಸಾಕುತ್ತಾಳೆ ಅಂದುಕೊಂಡಾಳೋ? ಆ ಯೋಚನೆಯಲ್ಲಿ ಅವಳಿಗೆ ಊಟ ಸೇರದಾಯಿತು.

ಆಗ ಬಂದ ನೋಡಿ ಸೂರಪ್ಪಯ್ಯ.

ಸೂರಪ್ಪಯ್ಯ ಅರಮನೆಯ ಧೂಪದ ಅಧಿಕಾರಿ. ಸಾಂಬ್ರಾಣಿ, ಗಂಧ, ಗುಗ್ಗುಳ ಎಲ್ಲ ಅವನ ಕೈಯಲ್ಲಿ. ಉತ್ತರದ ಯಾತ್ರೆ ಮಾಡಿ ಬಂದವನು. ಮಾತು ಸಕ್ಕರೆ, ನಡಿಗೆ ಬೆಕ್ಕಿನದು. ಸುಳ್ಳು ಹೇಳಬಾರದು, ಕುಂಡದ ಮರದ ವಿದ್ಯೆ ಅವನಿಗೆ ನಿಜವಾಗಿಯೂ ಗೊತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ರಾಣಿ ಮೋಸ ಹೋಗುತ್ತಿರಲಿಲ್ಲ.

"ಯೋಚನೆ ಯಾಕೆ ತಾಯಿ? ನಾನಿಲ್ಲವೇ?" ಅಂದ.

ಒಂದು ಕಣ್ಣು ಮುಚ್ಚಿದ. ಹೆಬ್ಬೆರಳು ಎತ್ತಿ ಅಳೆದ. ಕುಂಡವನ್ನು ಅರ್ಧ ಸುತ್ತು ತಿರುಗಿಸಿದ.

"ಕಾಣ್ತಿದೆ ತಾಯಿ, ರೂಪ ಕಾಣ್ತಿದೆ. ಗಾಳಿಗೆ ಬಾಗಿದ ಮರ. ಅಡ್ಡ ಇರೋದನ್ನ ತೆಗೆದರೆ ಸಾಕು."

ರಾಣಿ ಹೂಂ ಅಂದಳು. ಇನ್ನೊಬ್ಬರು ಆರಿಸಿದರೆ ಬಿಟ್ಟ ನೋವು ತನಗಿಲ್ಲ ಅಂತ ಅವಳಿಗೆ ಹಗುರವೇ ಆಯಿತು. ಕಚಕ್ ಕಚಕ್, ಎಡಗಡೆಯ ಕೊಂಬೆಗಳೆಲ್ಲ ಬುಟ್ಟಿಗೆ ಬಿದ್ದವು. ಸೂರಪ್ಪಯ್ಯ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಕೆಲವು ದಿನ ಕಳೆಯಿತು. ಮತ್ತೆ ಬಂದ. ಮತ್ತೆ ಒಂದು ಕಣ್ಣು ಮುಚ್ಚಿದ, ಮತ್ತೆ ಹೆಬ್ಬೆರಳು ಎತ್ತಿದ, ಮತ್ತೆ ಕುಂಡ ತಿರುಗಿಸಿದ.

"ಗಾಳಿಗೆ ಬಾಗಿದ ರೂಪ ಈ ಕುಂಡಕ್ಕೆ ಒಗ್ಗಲಿಲ್ಲ ತಾಯಿ. ಬಲಕ್ಕೆ ಭಾರ ಆಯಿತು. ಆದರೆ ಬೇರೆ ರೂಪ ಕಾಣ್ತಿದೆ. ನೆಟ್ಟಗೆ ನಿಂತ ಮರ. ಅಡ್ಡ ಇರೋದನ್ನ ತೆಗೆದರೆ ಸಾಕು."

ರಾಣಿ ಹೂಂ ಅಂದಳು, ಸ್ವಲ್ಪ ತಡವಾಗಿ ಅಂದಳು. ಕಚಕ್ ಕಚಕ್, ಬಲಗಡೆಯ ಕೊಂಬೆಗಳು ಬುಟ್ಟಿಗೆ ಬಿದ್ದವು.

ಮತ್ತೂ ಕೆಲವು ದಿನ. ಮೂರನೇ ಸಲ ಬಂದ.

"ಕೋಲು ನೆಟ್ಟ ಹಾಗೆ ಕಾಣ್ತದಲ್ಲ ತಾಯಿ. ಇದನ್ನ ಕಮರಿಗೆ ಇಳಿಬಿದ್ದ ಮರ ಮಾಡೋಣ. ಅದೇ ಇದರ ನಿಜವಾದ ರೂಪ. ಅಡ್ಡ ಇರೋದು ತಲೆ ಒಂದೇ."

ಈ ಸಲ ರಾಣಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕಚಕ್, ತಲೆ ಹೋಯಿತು. ಈಗ ಬೋಳು ಕಾಂಡ, ಬುಡದ ಹತ್ತಿರ ಹಸಿರಿರುವ ಒಂದೇ ಒಂದು ಕೊಂಬೆ. ರಾಣಿಗೆ ಅಳು ಬಂತು. ಅತ್ತರೆ ತಪ್ಪು ತನ್ನದೇ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ ಅಂತ ಅಳಲಿಲ್ಲ.

ರಾಣಿಯ ದಾಸಿ ಮುದ್ದಕ್ಕ ಅಂಗಳ ನೋಡುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಳ್ಳಿಯ ಹೆಂಗಸು, ಬಾಯಿ ಸುಮ್ಮನಿರದು.

"ಈ ಅಯ್ಯನಂಥ ಗಂಡಸನ್ನ ನಾ ಕಂಡಿಲ್ಲ ಕಣವ್ವ. ತಾ ಮಾಡಿದ ಕಸ ತಾನೇ ಎತ್ಕೊಂಡು ಹೋಯ್ತಾನೆ. ಬಗ್ಗಿ ಬಗ್ಗಿ ಆಯ್ಕೋತಾನೆ, ಒಂದು ಎಲೆ ಬಿಡಾಕಿಲ್ಲ. ನನ್ನ ಗಂಡ ಉಂಡ ತಟ್ಟೇನೂ ಎತ್ತಾಕಿಲ್ಲ. ನೀನು ದೊರೆಗೆ ಹೇಳಿ ಈ ಅಯ್ಯನಿಗೆ ಏನಾದ್ರೂ ಕೊಡಿಸವ್ವ."

ರಾಣಿ ನಕ್ಕಳು. ಆಮೇಲೆ ರಾಜನ ಓಲಗದ ಮನೆಗೆ ಹೋದಳು. ಬಾಗಿಲು ದಾಟಿದ್ದೇ ತಡ, ಕಾಲು ನಿಂತಿತು. ಕೆಂಡದ ಬಟ್ಟಲಿನಿಂದ ಹೊಗೆ ಏಳುತ್ತಿತ್ತು. ಆ ವಾಸನೆ ಅವಳ ತವರಿನದು. ಚಳಿಗಾಲದಲ್ಲಿ ಅವಳ ತಾಯಿ ಕುಂಡದ ಮರದ ಜಾತಿಯ ಬಿದ್ದ ಟೊಂಗೆಗಳನ್ನು ಒಲೆಗೆ ಹಾಕಿದಾಗ ಮನೆಯೆಲ್ಲ ಹರಡುತ್ತಿದ್ದ ವಾಸನೆ. ಅವಳ ಕಣ್ಣು ತುಂಬಿತು.

ರಾಜ ಕಣ್ಣು ಮುಚ್ಚಿ ಉಸಿರೆಳೆಯುತ್ತಾ ಕೂತಿದ್ದ. "ಬಂದೆಯಾ ರಾಣಿ? ನೋಡು, ನಮ್ಮ ಸೂರಪ್ಪಯ್ಯನ ಹೊಸ ಧೂಪ. ಹಿಮಗಿರಿ ಧೂಪವಂತೆ. ಉತ್ತರದಿಂದ ಬಹಳ ಕಷ್ಟಪಟ್ಟು ತರಿಸ್ತಾನಂತೆ. ಇವತ್ತು ಅವನಿಗೆ ಜರಿ ಶಾಲು ಹೊದಿಸಿದೆ."

ಮೊದಲು ತವರಿನ ನೆನಪಿಗೆ ತುಂಬಿದ ಕಣ್ಣು ಈಗ ಸಿಟ್ಟಿಗೆ ಕೆಂಪಾಯಿತು. ಆದರೂ ರಾಣಿ ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾಗುತ್ತಿತ್ತು? ಉತ್ತರದ ಮರವೆಲ್ಲ ಒಂದೇ ವಾಸನೆ ಅನ್ನುತ್ತಿದ್ದ ಸೂರಪ್ಪಯ್ಯ. ನಾನು ಹೇಳಿದ ರೂಪದಲ್ಲಿ ಯಾವುದು ಕೆಟ್ಟದ್ದಿತ್ತು ಹೇಳಿ ತಾಯಿ ಅನ್ನುತ್ತಿದ್ದ. ಮೂರೂ ಒಳ್ಳೆಯ ರೂಪಗಳೇ. ತಾನೂ ಪಕ್ಕದಲ್ಲೇ ನಿಂತಿದ್ದವಳು. ರಾಣಿ ಕೂತು ಯೋಚನೆ ಮಾಡಿದಳು. ಮರುದಿನ ಬೆಳಗ್ಗೆ ರಾಜನನ್ನು ಅಂಗಳಕ್ಕೆ ಕರೆದು ಜಗುಲಿಯ ಮೇಲೆ ಕೂರಿಸಿದಳು.

"ನೀವು ಮಾತಾಡಬೇಡಿ. ಕುಂಡವನ್ನು ನೋಡ್ತಾ ಇರಿ, ಸಾಕು" ಅಂದಳು. ಸೂರಪ್ಪಯ್ಯನಿಗೆ ಹೇಳಿಕಳಿಸಿದಳು.

ಸೂರಪ್ಪಯ್ಯ ಜರಿ ಶಾಲು ಹೊದ್ದು ಬಂದ. ಬುಟ್ಟಿ ಕಂಕುಳಲ್ಲೇ ಇತ್ತು.

"ಅಮ್ಮ ಬರೋ ಹೊತ್ತಾಯಿತು ಸೂರಪ್ಪಯ್ಯನವರೇ. ಕೊನೆಯ ರೂಪ ನೀವೇ ಹೇಳಿ" ಅಂದಳು ರಾಣಿ.

ಕಣ್ಣು ಮುಚ್ಚಿದ, ಬೆರಳು ಎತ್ತಿದ, ಕುಂಡ ತಿರುಗಿಸಿದ. "ಕಾಣ್ತಿದೆ ತಾಯಿ. ಈ ಕೊಂಬೆ ದಪ್ಪ ಆಯಿತು. ತುದಿಯಲ್ಲಿ ಒಂದು ಗೊಂಚಲು ಉಳಿಸಿ ಮಿಕ್ಕಿದ್ದು ಸವರಿದರೆ, ಆಹಾ, ಮುಪ್ಪಿನ ಋಷಿಯ ಹಾಗೆ ಇರ್ತದೆ."

"ಆಗಲಿ. ಸವರಿದ ಸೊಪ್ಪನ್ನ ಮುದ್ದಕ್ಕನ ಕೈಗೆ ಕೊಡಿ. ಬಾಣಂತಿಗೂ ಕೂಸಿಗೂ ನೆತ್ತಿಗೆ ಹೊಗೆ ಹಾಕಬೇಕಲ್ಲ, ಒಣಗಿಸಿ ಇಟ್ಟಿರ್ತಾಳೆ."

ಸೂರಪ್ಪಯ್ಯನ ಕತ್ತರಿ ಕೊಂಬೆಯ ಹತ್ತಿರ ಹೋಗಿ ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಅವನು ಕುಂಡವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ.

"ಈ ಕಡೆಯಿಂದ ನೋಡಿದರೆ ಕೊಂಬೆ ಅಷ್ಟೇನೂ ದಪ್ಪ ಇಲ್ಲ ತಾಯಿ. ಮರಕ್ಕೂ ಸುಸ್ತಾಗಿದೆ. ಹಾಗೇ ಇರಲಿ."

"ಹೌದಾ? ಹಾಗೇ ಇರಲಿ ಬಿಡಿ. ಹೊಗೆಗೆ ಸೊಪ್ಪು ನಮ್ಮಮ್ಮನೇ ಮೂಟೆ ಕಟ್ಟಿ ತರ್ತಾಳೆ. ಒಂದು ವೇಳೆ ಸವರಿದ್ದರೆ ಅದನ್ನ ನಿಮಗೇ ಕೊಡ್ತಿದ್ದೆ."

"ನನಗೇ?" ಅಂದ ಸೂರಪ್ಪಯ್ಯ. ಕೈ ತಾನಾಗಿ ಕುಂಡದ ಅಂಚಿಗೆ ಹೋಯಿತು. ಕುಂಡ ಮುಂದಕ್ಕೆ ತಿರುಗಿತು. "ಬೆಳಕು ಈಗ ಸರಿಯಾಗಿ ಬಿತ್ತು ನೋಡಿ ತಾಯಿ. ದಪ್ಪವೇ. ಸವರೋದೇ ಒಳ್ಳೇದು."

"ಅಯ್ಯೋ, ಮರೆತಿದ್ದೆ" ಅಂದಳು ರಾಣಿ. "ಆನೆಲಾಯದವರು ಕೇಳಿದ್ದರು. ಆನೆಗೆ ಸೊಳ್ಳೆ ಕಾಟವಂತೆ, ಹೊಗೆ ಹಾಕೋಕೆ ಬೇಕಂತೆ. ಸೊಪ್ಪೆಲ್ಲ ಅವರಿಗೇ ಹೋಗಲಿ."

ಕುಂಡ ಮತ್ತೆ ಹಿಂದಕ್ಕೆ ತಿರುಗತೊಡಗಿತು. ಅರ್ಧ ತಿರುಗಿ ನಿಂತಿತು. ಸೂರಪ್ಪಯ್ಯ ತನ್ನ ಕೈಯನ್ನು ತಾನೇ ನೋಡಿಕೊಂಡ. ಮುದ್ದಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಮಾತಾಡಬಾರದು ಅಂದಿದ್ದರೂ ರಾಜನಿಗೆ ತಡೆಯಲಾಗಲಿಲ್ಲ. "ಸೂರಪ್ಪಯ್ಯ, ಈ ಮರದ ರೂಪ ಮರದಲ್ಲಿದೆಯೋ, ನಿನ್ನ ಬುಟ್ಟಿಯಲ್ಲಿದೆಯೋ?"

"ಬುದ್ಧೀ..." ಅಂದ ಸೂರಪ್ಪಯ್ಯ. ಮುಂದೆ ಅವನ ಸಕ್ಕರೆ ಕರಗಿಹೋಗಿತ್ತು. ನಿಂತಲ್ಲೇ ಎಲ್ಲ ಒಪ್ಪಿಕೊಂಡ. ಹಿಮಗಿರಿ ಧೂಪ ಉತ್ತರದಿಂದ ಬಂದಿರಲಿಲ್ಲ, ರಾಣಿಯ ಅಂಗಳದಿಂದ ಬಂದಿತ್ತು.

ರಾಜ ಶಾಲನ್ನೂ ಅಧಿಕಾರವನ್ನೂ ಕಿತ್ತುಕೊಂಡ. ಗಡೀಪಾರು ಮಾಡುವುದೊಂದು ಬಾಕಿ. ರಾಣಿ ತಡೆದಳು. "ಗಡೀಪಾರು ಮಾಡಿದರೆ ಇನ್ನೊಂದು ಊರಲ್ಲಿ ಇನ್ನೊಂದು ಬುಟ್ಟಿ ಹಿಡಿತಾರೆ. ಮರಕ್ಕೆ ನಡು ಮಧ್ಯಾಹ್ನದ ಬಿಸಿಲು ಆಗೋದಿಲ್ಲ. ಅದು ಚೇತರಿಸಿಕೊಳ್ಳೋವರೆಗೆ ಇವರೇ ಛತ್ರಿ ಹಿಡಿದು ನಿಂತ್ಕೊಳ್ಳಲಿ." ಹಾಗೇ ಆಯಿತು. ಮರ ನೆರಳಲ್ಲಿ, ಸೂರಪ್ಪಯ್ಯ ಬಿಸಿಲಲ್ಲಿ. ರಾಜನಿಗೂ ಶಿಕ್ಷೆ ತಪ್ಪಲಿಲ್ಲ. ಬರೀ ಸಾಂಬ್ರಾಣಿ ಹೊಗೆಯಲ್ಲೇ ಅವನು ಓಲಗ ನಡೆಸಬೇಕಾಯಿತು.

ಆದರೆ ಮರ? ಹೋದ ಕೊಂಬೆ ಹೋಯಿತು. ಈ ಸಲ ರಾಣಿ ಯಾರನ್ನೂ ಕೇಳಲಿಲ್ಲ. ಕುಂಡದ ಮುಂದೆ ಕೂತು ಬುಡದಿಂದ ನೋಡುತ್ತಾ ಬಂದಳು. ಬೇರು ಎಲ್ಲಿ ಬಲವಾಗಿದೆ, ಅಲ್ಲಿಂದ ತೊಗಟೆಯ ಯಾವ ಪಟ್ಟಿ ಜೀವಂತವಾಗಿ ಮೇಲೆ ಹತ್ತಿದೆ ಅಂತ ಬೆರಳಿನಿಂದ ಮುಟ್ಟಿ ನೋಡಿದಳು. ಆ ಪಟ್ಟಿ ಉಳಿದ ಕೊಂಬೆಗೇ ಬಂದು ಸೇರಿತ್ತು. ಸೂರಪ್ಪಯ್ಯ ಮೂರನೇ ಸಲ ಹೇಳಿದ ರೂಪವೇ ಈಗ ಉಳಿದಿತ್ತು. ಅವನು ಹೇಳಿದ್ದು ಅಂತ ಅವಳು ಅದನ್ನು ದೂರ ತಳ್ಳಲಿಲ್ಲ. ತಾನೂ ಮೊದಲಿನಿಂದ ಕಂಡಿದ್ದ ರೂಪವೇ ಅದು. ಆ ಕೊಂಬೆಯಿಂದ ಮೇಲಕ್ಕೆ ಸತ್ತಿದ್ದ ಕಾಂಡದ ತೊಗಟೆಯನ್ನು ಸುಲಿದು ಬೆಳ್ಳಗೆ ಮಾಡಿದಳು. ಕೊಂಬೆಗೆ ತಾಮ್ರದ ತಂತಿ ಸುತ್ತಿ ದಿನಕ್ಕಿಷ್ಟು ದಿನಕ್ಕಿಷ್ಟು ಕೆಳಕ್ಕೆ ಬಾಗಿಸಿದಳು. ಕತ್ತರಿ ಮಾತ್ರ ಮುಟ್ಟಲಿಲ್ಲ.

ಮಾವು ಹೂ ಬಿಟ್ಟಿತು. ತಾಯಿ ಬಂದಳು. ಮಗಳ ಕೆನ್ನೆ ಸವರಿದಳು, ಹೊಟ್ಟೆ ನೋಡಿದಳು, ಆಮೇಲೆ ಮರದ ಮುಂದೆ ಹೋಗಿ ನಿಂತಳು. ಕುಂಡವನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ಯಾರು ಆರಿಸಿದ್ದು ಇದನ್ನ?"

"ಹೋದ ಕೊಂಬೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟೆ ಅಮ್ಮ. ಇರೋದನ್ನ ನಾನು ಆರಿಸಿದೆ" ಅಂದಳು ರಾಣಿ. ಈಗ ಅವಳು ಅತ್ತೇಬಿಟ್ಟಳು.

ತಾಯಿ ಸಮಾಧಾನ ಮಾಡಲಿಲ್ಲ. ಬಿಟ್ಟುಕೊಟ್ಟದ್ದು ತಪ್ಪು ಅಂತಲೇ ಬೈದಳು. ಬೈದು ಮುಗಿದ ಮೇಲೆ ತುದಿಯ ಹೊಸ ಚಿಗುರನ್ನು ಒಂದೇ ಬೆರಳಲ್ಲಿ ಮುಟ್ಟಿದಳು.

"ಎಲ್ಲ ರೂಪಗಳನ್ನೂ ಇಟ್ಟುಕೊಂಡಿದ್ದಾಗ ಇದು ಪೊದೆ ಮಗಳೇ" ಅಂದಳು. "ಈಗ ಮರ."

ಕಥೆ ಇಷ್ಟೇ ಮಕ್ಕಳಾ. ಇದನ್ನು ಕತ್ತರಿಸು, ಅದನ್ನು ತೆಗೆ ಅಂತ ಯಾರಾದರೂ ಸಲಹೆ ಹೇಳಿದರೆ, ಅವರಿಗೆ ವಿದ್ಯೆ ಗೊತ್ತೇ ಅಂತ ಮಾತ್ರ ನೋಡಬೇಡಿ. ಕತ್ತರಿಸಿದ್ದು ಯಾರ ಬುಟ್ಟಿಗೆ ಬೀಳುತ್ತದೆ ಅಂತಲೂ ನೋಡಿ. ಇನ್ನೊಂದು ಮಾತು. ನೀವು ಆರಿಸಬೇಕಾದ್ದನ್ನು ನೀವೇ ಆರಿಸಿ. ಬಿಡೋದಕ್ಕೆ ಹೆದರಿ ಕೂತವರ ಪರವಾಗಿ ಆರಿಸೋದಕ್ಕೆ ಸೂರಪ್ಪಯ್ಯ ಯಾವಾಗಲೂ ಬಾಗಿಲಲ್ಲೇ ಇರುತ್ತಾನೆ.

ಅವರ ಅರಮನೆ ಅವರಿಗೆ, ನಮ್ಮ ಚಾಪೆ ನಮಗೆ. ಏಳಿ, ಹೋಗಿ ಮಲಗಿ.