ಕೂಗಳತೆ

“ಗುರುಗಳೇ, ಇಷ್ಟು ಜನ ಜೊತೆಗಿದ್ದರೂ ನನಗೇಕೆ ಹೆದರಿಕೆಯಾಗುತ್ತದೆ?”

ಕೇಳಿದವಳು ಇಂಚರ, ಇಪ್ಪತ್ತೆರಡು ವರ್ಷದವಳು. ವಾರಕ್ಕೆರಡು ದಿನ ಹಾರ್ಮೋನಿಯಂ ಕಲಿಯಲು ಬರುತ್ತಿದ್ದಳು. ಆ ದಿನ ಪಾಠ ಮುಗಿದಿತ್ತು. ಫೋನು ಅವಳ ಮೊಣಕಾಲಿನ ಮೇಲಿತ್ತು.

“ಎಷ್ಟು ಜನ?” ಎಂದರು ಗುರುಗಳು.

“ಈ ಫೋನಿನೊಳಗೆ ಒಂಬೈನೂರು. ಕಣ್ಣು ಬಿಟ್ಟ ತಕ್ಷಣ ಫೋನು ಹಿಡಿಯುತ್ತೇನೆ. ಹಾಸಿಗೆಯಲ್ಲೇ ನಲವತ್ತು ಜನರ ಚಿತ್ರಗಳಿಗೆ ಹೃದಯ ಒತ್ತುತ್ತೇನೆ. ಆಮೇಲೆ ನನ್ನ ಚಹಾದ ಚಿತ್ರ ಹಾಕುತ್ತೇನೆ, ಬಸ್ಸಿನ ಕಿಟಕಿಯದು ಹಾಕುತ್ತೇನೆ. ನನಗೊಬ್ಬಳಿಗೇ ಅಲ್ಲ ಈ ಹುಚ್ಚು. ಹಾಸ್ಟೆಲ್‌ನಲ್ಲಿ ನನ್ನ ಕೋಣೆಯಲ್ಲಿದ್ದ ವೈಶಾಲಿ ಮೂರು ದಿನದಿಂದ ಬರೀ ಕಪ್ಪು ಚಿತ್ರ ಹಾಕುತ್ತಿದ್ದಾಳೆ, ಒಂದಕ್ಷರ ಬರೆದಿಲ್ಲ. ಅದಕ್ಕೂ ಹೃದಯ ಒತ್ತಿದೆ!” ಎಂದು ನಕ್ಕಳು. ನಗು ಬೇಗ ನಿಂತಿತು. “ಆದರೆ ನನ್ನದಕ್ಕೆ ಯಾರೂ ಒತ್ತದೆ ಐದು ನಿಮಿಷ ಕಳೆದರೆ ಎದೆ ಡವಡವ ಅನ್ನುತ್ತದೆ. ಒತ್ತಿದ ಮೇಲೂ ಅದು ನಿಲ್ಲುವುದಿಲ್ಲ.”

ಗುರುಗಳು ಹಾರ್ಮೋನಿಯಂ ಮುಚ್ಚಿದರು. “ಚಹಾ ಕುಡಿಯುವುದಕ್ಕೂ ಸಾಕ್ಷಿ ಬೇಕೇನಮ್ಮ ನಿನಗೆ? ಇರಲಿ, ಕೇಳು” ಎಂದು ಹೇಳತೊಡಗಿದರು.

ಕಪ್ಪು ಮಣ್ಣಿನ ಒಂದು ಎರೆಸೀಮೆಯಲ್ಲಿ ಏಳು ಜೋಳದ ಹೊಲಗಳಿದ್ದವು. ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಹಕ್ಕಿಗಳ ಕಾಟ. ಹೊಲಕ್ಕೊಂದು ಅಟ್ಟಣೆ ಕಟ್ಟಿ, ಅದರ ಮೇಲೆ ಒಬ್ಬೊಬ್ಬರು ಕವಣೆ ಹಿಡಿದು ನಿಲ್ಲುತ್ತಿದ್ದರು. ನಡುವೆ ದಿಬ್ಬ, ಬೇಲಿ. ಒಬ್ಬರ ಮುಖ ಒಬ್ಬರಿಗೆ ಕಾಣದು. ಅಷ್ಟು ದೂರಕ್ಕೆ ಮಾತು ಮುಟ್ಟದು, ಸದ್ದಷ್ಟೇ ಮುಟ್ಟುತ್ತದೆ.

ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದ್ದರು. ಬೆಳಿಗ್ಗೆ ಅಟ್ಟಣೆ ಹತ್ತಿದವರು ಒಮ್ಮೆ ‘ಕೂ’ ಎನ್ನಬೇಕು. ಸಂಜೆ ಇಳಿಯುವಾಗ ಇನ್ನೊಮ್ಮೆ. ಉಳಿದ ಆರೂ ಜನ ‘ಓ’ ಎನ್ನಬೇಕು. ಯಾರದಾದರೂ ಕೂಗು ಕೇಳದಿದ್ದರೆ ಪಕ್ಕದ ಹೊಲದವನು ಹೋಗಿ ನೋಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕೂಗು ಕೇಳಿದರೆ ಎಲ್ಲರೂ ಓಡಬೇಕು. ಹೀಗೆ ಎರಡು ಜೀವ ಉಳಿದಿದ್ದವು. ಒಬ್ಬ ಜ್ವರದಲ್ಲಿ ಬಿದ್ದಿದ್ದ, ಇನ್ನೊಬ್ಬನ ಅಟ್ಟಣೆಯೇ ಮುರಿದಿತ್ತು.

ಒಂದು ವರ್ಷ ಏಳನೆಯ ಅಟ್ಟಣೆಗೆ ಹೊಸಬಳು ಬಂದಳು. ಹೆಸರು ಬೇಕಾದರೆ ದ್ಯಾಮವ್ವ ಅನ್ನು. ಸಣ್ಣ ವಯಸ್ಸು. ಐದು ತಿಂಗಳ ಕೂಸನ್ನು ಅಟ್ಟಣೆಯ ಕೆಳಗೆ ಸೀರೆಯ ಜೋಲಿಯಲ್ಲಿ ಮಲಗಿಸಿ ಮೇಲೆ ಕೂರುತ್ತಿದ್ದಳು. ದಿನವಿಡೀ ಒಬ್ಬಳೇ. ಒಂದು ಮಧ್ಯಾಹ್ನ ಬೇಸರಕ್ಕೆ ಸುಮ್ಮನೆ ‘ಕೂ’ ಎಂದಳು. ಆರೂ ಜನ ಕವಣೆ ಬಿಸಾಕಿ ಓಡಿಬಂದರು. “ಏನಿಲ್ಲ, ಬುತ್ತಿ ಬಿಚ್ಚಿದೆ, ಅದಕ್ಕೇ” ಎಂದಳು. ಬೈಯಬೇಕಿತ್ತು. ಎಳೆಯವಳೆಂದು ನಕ್ಕರು.

ಮರುದಿನ ಮತ್ತೆ ಕೂಗಿದಳು. ಯಾರೂ ಬರಲಿಲ್ಲ, ಆದರೆ ಆರು ಕಡೆಯಿಂದ ‘ಓ’ ಬಂತು. ಅವಳಿಗೆ ಅಷ್ಟೇ ಬೇಕಿತ್ತು. ಗಿಳಿಹಿಂಡು ಹಾರಿದರೆ ಕೂಗಿದಳು, ನೀರು ಕುಡಿದರೆ ಕೂಗಿದಳು. ಐದೇ ‘ಓ’ ಬಂದ ದಿನ ಆರನೆಯವರಿಗೆ ತನ್ನ ಮೇಲೇನು ಸಿಟ್ಟೋ ಎಂದು ಸಂಜೆಯವರೆಗೆ ಕೊರಗಿದಳು. ನಗಬೇಡ ನೀನು. ಉಳಿದವರಿಗೂ ಬೇಸರವಿತ್ತಲ್ಲ, ಅವರೂ ಕಲಿತರು. ಹದಿನೈದು ದಿನದಲ್ಲಿ ಏಳೂ ಹೊಲಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಗೇ ಕೂಗು. ಬಾಯಿ ‘ಓ’ ಎನ್ನುತ್ತಿತ್ತು, ಕೈ ಕವಣೆ ತಿರುಗಿಸುತ್ತಿತ್ತು. ಯಾರು ಕೂಗಿದರೆಂದು ಯಾರೂ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಕೂಸಿಗೆ ಹಾಲು ಕೊಡಲೆಂದು ದ್ಯಾಮವ್ವ ಇಳಿದಳು. ಕಾಲಿಟ್ಟ ಕಡೆ ಹುಳವಿತ್ತು. ನಮ್ಮ ಕಡೆ ಹೊಲದಲ್ಲಿ ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ; ಕಚ್ಚಿತು ಎನ್ನುವುದಿಲ್ಲ, ಮುಟ್ಟಿತು ಎನ್ನುತ್ತಾರೆ. ಅದು ಪಾದಕ್ಕೆ ಮುಟ್ಟಿ ಜೋಳದೊಳಗೆ ಸರಿದುಹೋಯಿತು.

ಅವಳು ಸೆರಗು ಹರಿದು ಕಾಲಿಗೆ ಬಿಗಿದಳು. ಹತ್ತು ಹೆಜ್ಜೆ ನಡೆದಳು, ಕಾಲು ಏಳಲಿಲ್ಲ. ತಿರುಗಿ ನೋಡಿದರೆ ಜೋಲಿ ಅಲ್ಲೇ ತೂಗುತ್ತಿತ್ತು, ಹುಳ ಹೋದ ದಾರಿಯ ಪಕ್ಕದಲ್ಲೇ. ತೆವಳಿಕೊಂಡು ಅಲ್ಲಿಗೇ ಬಂದಳು. ಜೀವವೆಲ್ಲ ಬಾಯಿಗೆ ತಂದು ‘ಕೂ’ ಎಂದಳು.

ಆರು ‘ಓ’ ಬಂದವು.

ಮತ್ತೆ ಕೂಗಿದಳು. ಮತ್ತೆ ಆರು. ಮೂರನೆಯ ಸಲ ಕೂಗಿದಾಗ, ಇವತ್ತು ಈ ಹುಡುಗಿ ಬಲು ಖುಷಿಯಲ್ಲಿದ್ದಾಳೆ ಎಂದುಕೊಂಡು ಒಬ್ಬ ತನ್ನ ‘ಓ’ವನ್ನು ಹಾಡಿನಂತೆ ಎಳೆದ. ಆಗ ಅವಳಿಗೆ ಹೆದರಿಕೆ ಹತ್ತಿತು. ಹುಳ ಮುಟ್ಟಿದಾಗಲೂ ಅಂಥ ಹೆದರಿಕೆ ಆಗಿರಲಿಲ್ಲ. ಎಲ್ಲರೂ ಇದ್ದಾರೆ, ಎಲ್ಲರಿಗೂ ಕೇಳಿಸುತ್ತಿದೆ, ಯಾರೂ ಬರುವುದಿಲ್ಲ. ಕಣ್ಣಿನ ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ತಾನು ಹೋದರೆ ಕೂಸಿನ ಗತಿ ಏನೆಂದು ಅವಳ ಕೈ ಜೋಲಿಯ ಅಂಚನ್ನು ಹಿಡಿದೇ ಇತ್ತು. ಕೊನೆಗೆ ದನಿ ಏಳಲಿಲ್ಲ.

ಹೊತ್ತು ಇಳಿಯಿತು. ಕೂಸು ಎದ್ದು ಹಸಿವಿಗೆ ಅತ್ತಿತು. ಆರನೆಯ ಹೊಲದ ರೈತನಿಗೆ ಅದು ಕೇಳಿಸಿತು. ತಾಯಿ ಎತ್ತಿಕೊಂಡರೆ ನಿಲ್ಲುತ್ತದೆ ಎಂದು ಕಾದ. ಅದು ನಿಲ್ಲಲಿಲ್ಲ. ಆ ಸದ್ದಿಗೆ ‘ಓ’ ಎನ್ನುವ ರೂಢಿ ಅವನಿಗಿರಲಿಲ್ಲ. ಅದಕ್ಕೇ ಇಳಿದು ಓಡಿದ.

ದ್ಯಾಮವ್ವನಿಗೆ ಇನ್ನೂ ಉಸಿರಿತ್ತು. ಅವಳ ಕಾಲು ನೋಡಿ ಅವನು ಎದೆ ಬಡಿದುಕೊಂಡ.

“ಅಯ್ಯೋ ತಂಗಿ, ಒಂದು ಕೂಗು ಹಾಕಬಾರದಾಗಿತ್ತೇನವ್ವಾ?”

“ಹಾಕಿದ್ನಲ್ಲ ಅಣ್ಣಾ” ಎಂದಳು ಅವಳು. “ನೀ ಓ ಅಂದಿ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ?” ಎಂದಳು ಇಂಚರ.

“ಕೂಸು ಉಳಿಯಿತು.”

ಅವಳು ಫೋನನ್ನು ಬೋರಲು ಹಾಕಿದಳು. “ಹಾಗಾದರೆ ನನ್ನ ಹೆದರಿಕೆ ನಿಜವೇ ಗುರುಗಳೇ? ನಾನು ಕೂಗಿದ ದಿನ ಯಾರೂ ಬರುವುದಿಲ್ಲವೇ?”

ಗುರುಗಳು ಅವಳನ್ನೇ ನೋಡಿದರು.

“ಅದಿರಲಿ, ಆ ಕಪ್ಪು ಚಿತ್ರ ಹಾಕಿದ ಹುಡುಗಿಯ ಮನೆ ಇಲ್ಲಿಂದ ಎಷ್ಟು ದೂರ?”